ಹಾಬ್ಸನ್, ಜಾಬ್ಸನ್ ಮತ್ತು ನಮ್ಮೂರ ಐಸುರ



ಇಂಗ್ಲಿಷ್ ಎಂದೊಡನೆ ಪರೀಕ್ಷೆ ನೆನಪಾಗುವ ವಯಸ್ಸು ನಿಮ್ಮದು. ಇವತ್ತು ಪರೀಕ್ಷೆಯನ್ನು ಬದಿಗಿಟ್ಟು, ಆ ಭಾಷೆಯಲ್ಲಿರುವ ಕೆಲವು ವಿಚಿತ್ರ, ತಮಾಷೆಯ ಪದಗಳನ್ನು ಮಾತಾಡಿಸಿಕೊಂಡು ಬರೋಣ.

ಮೊದಲು ನನ್ನದೇ ಒಂದು ಫಜೀತಿ ಹೇಳುತ್ತೇನೆ. ಹನುಮಸಾಗರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಿ.ಎಸ್ಸಿ.ಗೆಂದು ದೊಡ್ಡ ಊರಿನ ಕಾಲೇಜು ಸೇರಿದೆ. ಒಂದು ದಿನ ಇಂಗ್ಲಿಷ್ ತರಗತಿಯಲ್ಲಿ ಪಾಠ ಓದಲು ನನ್ನನ್ನು ಎಬ್ಬಿಸಿದರು. ನಡುವೆ ಸೈನ್ಯದ 'ಕರ್ನಲ್' ಬಂದ. ನಾನು ಪುಸ್ತಕದಲ್ಲಿ ಅಕ್ಷರ ಇದ್ದ ಹಾಗೆಯೇ 'ಕೊಲೊನೆಲ್' ಎಂದು ಓದಿದೆ. ಇಡೀ ತರಗತಿ ನಕ್ಕಿತು. ಆ ವರ್ಷವೆಲ್ಲ ನನ್ನ ಹೆಸರೇ ಕೊಲೊನೆಲ್. ಡಿಗ್ರಿ ಮುಗಿಯುವವರೆಗೆ ಆ ತರಗತಿಯಲ್ಲಿ ನಾನು ತಾನಾಗಿ ಬಾಯಿ ತೆರೆದ ನೆನಪಿಲ್ಲ.

ಎಷ್ಟೋ ವರ್ಷಗಳ ಮೇಲೆ ನಿಘಂಟು ತಿರುವಿದಾಗ ನನಗೇ ನಗು ಬಂತು. ಇಟಲಿಯವರ 'ಕೊಲೊನೆಲ್ಲೊ' ಫ್ರಾನ್ಸಿನವರ ನಾಲಿಗೆಯಲ್ಲಿ 'ಕೊರೊನೆಲ್' ಆಯಿತು. ಇಂಗ್ಲಿಷರು ಮೊದಲು ತಂದುಕೊಂಡದ್ದು ಆ ರಕಾರದ ಪದವನ್ನು. ಆಮೇಲೆ ಇಟಲಿಯ ಯುದ್ಧಶಾಸ್ತ್ರದ ಪುಸ್ತಕಗಳನ್ನು ಅನುವಾದಿಸಿದವರು ಮೂಲ ನೋಡಿ ಬರಹವನ್ನು ತಿದ್ದಿದರು. ಜನ ಮಾತ್ರ ಹಳೆಯ ಉಚ್ಚಾರವನ್ನು ಬಿಡಲಿಲ್ಲ. ಹೀಗೆ ಒಂದು ಪದಕ್ಕೆ ಮೈ ಇಟಲಿಯದು, ದನಿ ಫ್ರಾನ್ಸಿನದು. ಅದರಲ್ಲಿ ನನ್ನ ತಪ್ಪೇನಿತ್ತು, ಹೇಳಿ!

ಕ್ರಿಕೆಟ್ಟಿನ 'ಅಂಪೈರ್' ಕತೆಯೂ ಹೀಗೆಯೇ. ಹಳೆಯ ಫ್ರೆಂಚಿನಲ್ಲಿ ಅದು 'ನೊಂಪೆರ್', ಅಂದರೆ ಜೋಡಿಯಲ್ಲದವನು, ಎರಡೂ ಪಕ್ಷಕ್ಕೆ ಸೇರದ ಮೂರನೆಯವನು. 'ಎ ನಂಪೈರ್' ಎಂದದ್ದು ಕೇಳುವವರ ಕಿವಿಗೆ 'ಆ್ಯನ್ ಅಂಪೈರ್' ಎಂದು ಕೇಳಿಸಿತು. ನಕಾರ ಔಟ್! ತೀರ್ಪು ಕೊಟ್ಟವರು ಯಾರೋ ತಿಳಿಯದು.

ಇಂಥ ಪದಗಳ ಒಂದು ದೊಡ್ಡ ನಿಘಂಟು 1886ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತದಲ್ಲಿದ್ದ ಇಂಗ್ಲಿಷರ ಮಾತಿಗೆ ಸೇರಿಕೊಂಡ ನಮ್ಮ ಪದಗಳ ಕೋಶ ಅದು. ಸಿದ್ಧಪಡಿಸಿದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಈ ಬರ್ನೆಲ್ ನಮಗೆ ತೀರ ಹೊರಗಿನವರಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವರು. 1882ರಲ್ಲೇ ತೀರಿಕೊಂಡದ್ದರಿಂದ ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ.

ಅದರ ಪುಟ ತೆರೆದರೆ ನಮ್ಮ ಮನೆಯ ಸಾಮಾನೇ ವೇಷ ಹಾಕಿಕೊಂಡು ಕೂತಿರುತ್ತದೆ. ಗೋಣಿ 'ಗನ್ನಿ' ಆಗಿದೆ. ಅಡಿಕೆ ಪೋರ್ಚುಗೀಸರ ಬಾಯಿ ಹಾಯ್ದು 'ಅರೆಕಾ' ಆಗಿದೆ. ಬರ್ಮಾದಿಂದ 1755ರಲ್ಲಿ ಬರೆದ ಒಂದು ಕಾಗದದಲ್ಲಿ 'ಅಪ್ಪರ್ ರೋಜರ್' ಎಂಬ ಮನುಷ್ಯ ಬರುತ್ತಾನೆ. ಯಾರಪ್ಪ ಈ ಮೇಲಿನ ರೋಜರ್ ಸಾಹೇಬ ಎಂದು ಹುಡುಕಿದರೆ, ಅವನು ನಮ್ಮ 'ಯುವರಾಜ'! ರೋಜರ್ ಎಂಬುದು ಇಂಗ್ಲೆಂಡಿನಲ್ಲಿ ಓಣಿಗೊಬ್ಬನಿಗೆ ಇರುವ ಹೆಸರು. ಅರಿಯದ ಸದ್ದು ಕಿವಿಗೆ ಬಿದ್ದಾಗ ಮಿದುಳು ತನಗೆ ಗೊತ್ತಿರುವ ಹತ್ತಿರದ ಪದವನ್ನು ಅಲ್ಲಿ ಕೂರಿಸಿಬಿಡುತ್ತದೆ.

ಆ ನಿಘಂಟಿನ ಹೆಸರು 'ಹಾಬ್ಸನ್-ಜಾಬ್ಸನ್'. ಇವರು ಯಾರೋ ಇಬ್ಬರು ಪಂಡಿತರಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಅಂಥವರು ಯಾರೂ ಇಲ್ಲ. ಮೊಹರಂ ಮೆರವಣಿಗೆಯಲ್ಲಿ ಜನ ಎದೆ ಬಡಿದುಕೊಂಡು 'ಯಾ ಹಸನ್! ಯಾ ಹುಸೇನ್!' ಎಂದು ಕೂಗುವುದನ್ನು ಬ್ರಿಟಿಷ್ ಸಿಪಾಯಿಗಳು ಕೇಳಿಸಿಕೊಂಡರು. ಅದು 'ಹೊಸೀನ್ ಗೊಸೀನ್' ಆಗಿ, 'ಹೊಸ್ಸಿ ಗೊಸ್ಸಿ' ಆಗಿ, ಕಡೆಗೆ ಹಾಬ್ಸನ್-ಜಾಬ್ಸನ್ ಎಂಬ ಇಬ್ಬರು ಇಂಗ್ಲಿಷ್ ಆಸಾಮಿಗಳಾಗಿ ನಿಂತಿತು. ಪರಭಾಷೆಯ ಪದ ಹೀಗೆ ಕೇಳುವವರ ನುಡಿಯ ಅಚ್ಚಿಗೆ ಇಳಿಯುವುದನ್ನು ಭಾಷಾಶಾಸ್ತ್ರಜ್ಞರು ಇಂದಿಗೂ 'ಹಾಬ್ಸನ್-ಜಾಬ್ಸನ್ ನಿಯಮ' ಎಂದೇ ಕರೆಯುತ್ತಾರೆ.

ನಗು ಬರುತ್ತದೆ, ನಿಜ. ಆದರೆ ಆ ಕೂಗು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಮಡಿದವರ ಶೋಕದ ಕೂಗು. ಸಿಪಾಯಿಗಳ ಕಿವಿಗೆ ಸದ್ದು ಬಿತ್ತು, ದುಃಖ ಬೀಳಲಿಲ್ಲ.

ಅದೇ ಕೂಗು ನಮ್ಮ ಕಡೆಯವರ ಕಿವಿಗೂ ಬಿದ್ದಿದೆ. ಹನುಮಸಾಗರದ ಸುತ್ತಿನ ಸೀಮೆಯಲ್ಲಿ ಮೊಹರಂ ಎಂದರೆ ಊರಿಗೆ ಊರೇ ಸೇರುವ ಹಬ್ಬ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತಾರೆ. ನಾವೂ ಪದಗಳನ್ನು ಬಿಟ್ಟವರಲ್ಲ. ಅರಬ್ಬಿಯ 'ಆಶೂರಾ' ನಮ್ಮಲ್ಲಿ 'ಐಸುರ' ಆಯಿತು. ಉಚ್ಚಾರ ಕೆಟ್ಟಿತು ಅನ್ನಿ, ಆದರೆ ಅಳು ಉಳಿಯಿತು. ಶಿಶುನಾಳ ಷರೀಫರು ಆ ಅಳುವನ್ನೇ ಕನ್ನಡದ ಪದವಾಗಿ ಹಾಡಿದರು. ಲಂಡನ್ನಿನಲ್ಲಿ ಆ ನಿಘಂಟು ಅಚ್ಚಾದಾಗ ಷರೀಫರು ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1889ರಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕಾಗಿ ನಮ್ಮ ಸೀಮೆಯಲ್ಲೇ ಮೊಹರಂ ಚಿತ್ರೀಕರಣ ಮಾಡಿದೆವು. ಧ್ವನಿಮುದ್ರಣಕ್ಕೆ ಬಂದಿದ್ದ ಹುಡುಗ ಬೆಂಗಳೂರಿನವನು. ಹಲಗೆಯ ಸದ್ದಿನ ನಡುವೆ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಹಾಳೆಯ ಮೇಲೆ 'ಐದೂರ ಹಬ್ಬದ ಹಾಡು' ಎಂದು ಬರೆದುಕೊಂಡ. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕೊಲೊನೆಲ್ ನೆನಪಾಗಿ ಮುಖ ಸಣ್ಣದಾಯಿತು. ಅವನು ನನ್ನನ್ನು ಬಿಟ್ಟು, ಹಾಡುತ್ತಿದ್ದ ಹಿರಿಯರ ಹತ್ತಿರವೇ ಹೋಗಿ ಕೇಳಿದ, "ಯಾವ ಐದು ಊರು, ಅಜ್ಜಾ?"

ಅಜ್ಜ ನಗಲಿಲ್ಲ. "ಐದೂರ ಅಲ್ಲೋ ತಮ್ಮಾ, ಐಸುರ. ಹತ್ತನೇ ದಿನದ್ದು. ಅಳೂ ಹಬ್ಬ ಇದು," ಎಂದು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಕತೆ ಹೇಳಿದರು. ಆಶೂರಾ ಎಂಬುದರ ಬೇರು ಅರಬ್ಬಿಯಲ್ಲಿ ಹತ್ತು. ಹತ್ತನ್ನು ಐದು ಮಾಡಿದ ಹುಡುಗ ಆ ರಾತ್ರಿ ಬೆಳಗಿನವರೆಗೆ ಯಂತ್ರ ನಿಲ್ಲಿಸಲಿಲ್ಲ.

ಆ ಹಾಳೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. 'ಐದೂರ' ಎಂಬುದನ್ನು ಹೊಡೆದುಹಾಕದೆ, ಅದರ ಮಗ್ಗುಲಲ್ಲೇ ಅವನು 'ಐಸುರ' ಎಂದು ಬರೆದಿದ್ದಾನೆ.