ಮುದಗಲ್ಲಿನ ಹುಡುಗಿ ಕೊರಳು ಹಿಂದೆಳೆದಾಗ

ನಾನು ಕೊತ್ತಪಲ್ಲಿಯವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಾರಾಯಣಪೇಟೆ, ಮಕ್ತಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗಿರುವ ಹುಚ್ಚು ಒಂದೇ, ಐತಿಹಾಸಿಕ ಕಾದಂಬರಿ. ಅದರಲ್ಲೂ ಮನಸ್ಸಿಲ್ಲದ ಮದುವೆಯ ಕಥೆ ಸಿಕ್ಕರೆ ಒಲೆಯ ಮೇಲಿನ ಸಾರು ಹೊತ್ತಿದರೂ ಗೊತ್ತಾಗುವುದಿಲ್ಲ. ರಾಜ ಹಟ ಹಿಡಿಯುತ್ತಾನೆ, ಸೋತ ತಂದೆ ಸಂಧಿಗೆ ಮಗಳನ್ನು ಒಪ್ಪಿಸುತ್ತಾನೆ, ಹುಡುಗಿ ಹಲ್ಲು ಕಚ್ಚಿಕೊಂಡು ಪಲ್ಲಕ್ಕಿ ಏರುತ್ತಾಳೆ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬುದು ಹತ್ತನೇ ಪುಟಕ್ಕೇ ತಿಳಿದುಬಿಡುತ್ತದೆ. ಆದರೂ ಪುಸ್ತಕ ಕೆಳಗಿಡಲು ಕೈ ಬರುವುದಿಲ್ಲ.

ಯಾಕೆ? ನನ್ನ ಉತ್ತರ ಇದು. ನಮ್ಮ ಅಜ್ಜಿಯರ ಕಾಲದಲ್ಲಿ ಹುಡುಗಿಯನ್ನು ಮದುವೆಗೆ ಮುಂಚೆ ಯಾರೂ ಕೇಳಲಿಲ್ಲ, ಮದುವೆಯಾದ ಮೇಲಂತೂ ಕೇಳುವ ಮಾತೇ ಇರಲಿಲ್ಲ. ಕಾದಂಬರಿಯಲ್ಲಿ ಮಾತ್ರ ತಾಳಿ ಬಿದ್ದ ಮೇಲಾದರೂ ಒಬ್ಬ ಗಂಡಸು ಬಾಗಿಲ ಹೊರಗೆ ನಿಂತು ಅವಳ ಮನಸ್ಸು ತಿಳಿಯಲು ಕಾಯುತ್ತಾನೆ. ತಡವಾಗಿಯಾದರೂ ಕೇಳಿದನಲ್ಲ! ಅಷ್ಟಕ್ಕಾಗಿ ಮುನ್ನೂರು ಪುಟ ಓದುತ್ತೇವೆ.

ಕಥೆಯ ಬೇರು ಹಳೆಯದು. ರುಕ್ಮಿಣಿಯನ್ನು ಶಿಶುಪಾಲನಿಗೆ ಕೊಡಲು ಹೊರಟ ಅಣ್ಣ ರುಕ್ಮಿ ಇದ್ದೇ ಇದ್ದಾನೆ. ಕರಾವಳಿಯ ಯಕ್ಷಗಾನದಲ್ಲಿ ‘ಕನಕಾಂಗಿ ಕಲ್ಯಾಣ’ವಿದೆ. ಅದೇ ಹುಡುಗಿ ನಮ್ಮ ತೆಲುಗು ಸೀಮೆಯಲ್ಲಿ ಶಶಿರೇಖೆ. 1957ರ ‘ಮಾಯಾಬಜಾರ್’ ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಬಲರಾಮ ಮಗಳನ್ನು ದುರ್ಯೋಧನನ ಮಗನಿಗೆ ಕೊಡಲು ನಿಂತಾಗ ಘಟೋತ್ಕಚನೇ ಶಶಿರೇಖೆಯ ವೇಷದಲ್ಲಿ ಹಸೆಗೆ ಬಂದು ಮದುಮಗನ ಕಾಲು ತುಳಿಯುತ್ತಾನೆ. ಒಲ್ಲದ ಮದುವೆಗೆ ಅದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ.

ಆಮೇಲೆ ಅಚ್ಚಿನ ಕಾಲ ಬಂತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಮರಾಠಿಯ ಹರಿ ನಾರಾಯಣ ಆಪ್ಟೆಯವರನ್ನು ತಂದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಸಿಂಹಗಡದ ಮೇಲೆ ಆಪ್ಟೆ ಬರೆದ ಕಾದಂಬರಿಯಲ್ಲಿ ತಾನಾಜಿಯ ಕತ್ತಿಯಷ್ಟೇ ಮುಖ್ಯವಾದದ್ದು ಕಮಲಕುಮಾರಿಯ ಗೋಳು. ಕೋಟೆಯ ಉದಯಭಾನು ಅವಳನ್ನು ಹೊತ್ತು ತಂದು ಮದುವೆಯಾಗೆಂದು ಪೀಡಿಸುತ್ತಾನೆ. ಅತ್ತ ಇಂಗ್ಲೆಂಡಿನಲ್ಲಿ ಜಾರ್ಜೆಟ್ ಹೇಯರ್ 1934ರಲ್ಲಿ ‘ದಿ ಕನ್ವೀನಿಯಂಟ್ ಮ್ಯಾರೇಜ್’ ಬರೆದಳು. ಅಕ್ಕನಿಗೆ ಬೇಡವಾದ ಶ್ರೀಮಂತ ವರನ ಮನೆಗೆ ತಂಗಿ ತಾನೇ ಹೋಗಿ, ‘ಅವಳನ್ನು ಬಿಡಿ, ನನ್ನನ್ನು ಮಾಡಿಕೊಳ್ಳಿ’ ಅನ್ನುತ್ತಾಳೆ. ಗಟ್ಟಿಗಿತ್ತಿ!

ಇವೆಲ್ಲ ಇರಲಿ. ಇವತ್ತು ನಾನು ಹೇಳಬೇಕೆಂದು ಬಂದದ್ದು ಕೃಷ್ಣೆಯ ಆಚೆ ದಡದ ಒಂದು ಕಥೆ. ಗದ್ವಾಲ ಇರುವ ನಡಿಗಡ್ಡದಿಂದ ಪಶ್ಚಿಮಕ್ಕೆ, ಕೃಷ್ಣೆ, ತುಂಗಭದ್ರೆಗಳ ನಡುವಿನ ಅದೇ ನೆಲದಲ್ಲಿ, ರಾಯಚೂರು ದಾಟಿ ಹೋದರೆ ಮುದಗಲ್ಲು. 1406ರ ಸುಮಾರಿಗೆ ಅದು ಬಹಮನಿಗಳ ಕೈಯಲ್ಲಿತ್ತು. ಅಲ್ಲಿ ಒಬ್ಬ ಅಕ್ಕಸಾಲಿ, ಅವನಿಗೊಬ್ಬಳು ಮಗಳು. ಹೆಸರು ಪರ್ತಾಲ. ಇದನ್ನು ಬರೆದಿಟ್ಟವನು ಫೆರಿಷ್ತಾ, ಇನ್ನೂರು ವರ್ಷದ ಮೇಲೆ, ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಕೂತು. ಇದು ಕಟ್ಟುಕಥೆಯಿದ್ದೀತು ಎಂದು ವಿದ್ವಾಂಸರು ತಲೆ ಅಲ್ಲಾಡಿಸುತ್ತಾರೆ. ಅಲ್ಲಾಡಿಸಲಿ.

ಕಾಶಿಯಾತ್ರೆ ಮುಗಿಸಿ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಆ ಮನೆಯಲ್ಲಿ ಉಳಿದ. ಹುಡುಗಿಯ ರೂಪಕ್ಕೆ ಬೆರಗಾದ, ತಿಂಗಳುಗಟ್ಟಲೆ ನಿಂತು ಸಂಗೀತ ಕಲಿಸಿದ, ಆಮೇಲೆ ನೇರ ವಿಜಯನಗರಕ್ಕೆ ಹೋಗಿ ಒಂದನೇ ದೇವರಾಯನ ಕಿವಿ ತುಂಬಿದ. ರಾಜ ಅವನ ಕೈಯಲ್ಲೇ ಉಡುಗೊರೆ ಕೊಟ್ಟು ಕಳಿಸಿದ. ತಂದೆತಾಯಿಗೆ ಸ್ವರ್ಗ ಮೂರೇ ಗೇಣು. ಬ್ರಾಹ್ಮಣ ಹಾರ ತೆಗೆದು ಹುಡುಗಿಯ ಕೊರಳಿಗೆ ಹಾಕಲು ಬಂದ. ಅದು ಬಿದ್ದರೆ ನಿಶ್ಚಯವಾದಂತೆಯೇ, ಹಿಂತೆಗೆಯುವ ಹಾಗಿಲ್ಲ. ಹುಡುಗಿ ಕೊರಳು ಹಿಂದಕ್ಕೆಳೆದುಕೊಂಡಳು.

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಆ ಅಂತಃಪುರ ಹೊಕ್ಕವರು ಮತ್ತೆ ಹೆತ್ತವರ ಮುಖ ನೋಡುವುದಿಲ್ಲ, ನನಗೆ ನಿಮಗಿಂತ ಆ ಸಂಪತ್ತು ಹೆಚ್ಚಲ್ಲ ಎಂದಳಂತೆ. ತಾನು ಒಬ್ಬ ಮುಸಲ್ಮಾನ ದೊರೆಯ ಕೈಹಿಡಿಯುವವಳೆಂದು ಒಳಗೇ ನಂಬಿದ್ದಳು ಅಂತಲೂ ಫೆರಿಷ್ತಾ ಸೇರಿಸುತ್ತಾನೆ. ಅನ್ನ ಹಾಕಿದ ಆಸ್ಥಾನದ ಋಣ, ಇನ್ನೇನು. ನನಗೆ ಮೊದಲಿನ ಮಾತೇ ಸಾಕು.

ದೇವರಾಯ ಸುಮ್ಮನಿರಲಿಲ್ಲ. ತುಂಗಭದ್ರೆಯ ದಡಕ್ಕೆ ದಂಡು ತಂದು, ಐದು ಸಾವಿರ ಕುದುರೆಯವರನ್ನು ಮುದಗಲ್ಲಿಗೆ ಅಟ್ಟಿದ. ತಮಾಷೆ ನೋಡಿ, ದಂಡು ಬರುತ್ತದೆಂದು ಅಕ್ಕಸಾಲಿಯ ಮನೆಗೆ ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಊರವರು ಹೆದರಿ ಓಡಿದರು, ಅವರ ಜೊತೆ ಹುಡುಗಿಯ ಮನೆಯವರೂ ಓಡಿದರು. ಬರಿಗೈಯಲ್ಲಿ ಮರಳಿದ ದಂಡು ದಾರಿಯ ಹಳ್ಳಿಗಳನ್ನು ದೋಚಿತು. ಕಲಬುರಗಿಯ ಬಹಮನಿ ಸುಲ್ತಾನ ಫಿರೋಜಶಾಹನಿಗೆ ಅಷ್ಟು ನೆಪ ಸಾಕಾಯಿತು. ಯುದ್ಧದ ವಿವರ ಬೇಡ. ಫಿರೋಜ ಕೈಗೆ ಗಾಯ ಮಾಡಿಕೊಂಡ, ದೇವರಾಯ ಕೊನೆಗೆ ಸಂಧಿಗೆ ಬಂದ.

ಸಂಧಿಯ ಬೆಲೆ? ಹತ್ತು ಲಕ್ಷ ಹೊನ್ನು, ಐವತ್ತು ಆನೆ, ಮಣಗಟ್ಟಲೆ ಮುತ್ತು, ಬಂಕಾಪುರದ ಕೋಟೆ. ಮತ್ತೆ ದೇವರಾಯನ ಮಗಳು! ಇನ್ನೊಬ್ಬರ ಮಗಳಿಗೆ ಹಾರ ಕಳಿಸಿದವನು ತನ್ನ ಮಗಳನ್ನು ಎತ್ತಿ ಕೊಡಬೇಕಾಯಿತು. ಫಿರೋಜ ವಿಜಯನಗರಕ್ಕೆ ಬಂದಾಗ ಬಾಗಿಲಿನಿಂದ ಅರಮನೆಯವರೆಗೆ ಮೈಲಿಗಟ್ಟಲೆ ದಾರಿಗೆ ಮಖಮಲ್ಲು, ಜರತಾರಿ ಬಟ್ಟೆ ಹಾಸಿದ್ದರಂತೆ, ಚಿನ್ನ ಬೆಳ್ಳಿಯ ಹೂ ಎರಚಿದರಂತೆ. ನಾರಾಯಣಪೇಟೆಯ ನೇಕಾರರ ನಡುವೆ ಬೆಳೆದ ನನಗೆ ಕುದುರೆಯ ಗೊರಸಿನ ಕೆಳಗೆ ಅಷ್ಟು ಜರಿ ಹೋಯಿತೆಂದರೆ ಹೊಟ್ಟೆ ಉರಿಯುತ್ತದೆ. ಇಷ್ಟೆಲ್ಲ ಮಾಡಿಯೂ ಸ್ನೇಹ ಕುದುರಲಿಲ್ಲ. ಬೀಳ್ಕೊಡುವಾಗ ದೇವರಾಯ ಬಿಡಾರದ ತನಕ ಬರದೆ ನಡುದಾರಿಯಿಂದಲೇ ಹಿಂದಿರುಗಿದನೆಂದು ಅಳಿಯ ಮುನಿಸಿಕೊಂಡ.

ಪರ್ತಾಲಳನ್ನೂ ಫಿರೋಜ ಕರೆಸಿದ. ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಈ ಸಲ ಅವಳು ಕೊರಳು ಹಿಂದೆಳೆದಳೋ ಇಲ್ಲವೋ, ಫೆರಿಷ್ತಾ ಚಕಾರ ಎತ್ತುವುದಿಲ್ಲ. ಹಸನ್ ಖಾನ ಗಾದಿ ಏರಲಿಲ್ಲ. 1422ರಲ್ಲಿ ಚಿಕ್ಕಪ್ಪ ಅಹ್ಮದಶಾಹ ರಾಜ್ಯ ಕಿತ್ತುಕೊಂಡ. ಭೀಮೆಯ ದಂಡೆಯ ಫಿರೋಜಾಬಾದಿನ ಅರಮನೆಯಲ್ಲಿ ಬೇಟೆ, ಭೋಗ ಅಂತ ಹಸನನಿಗೆ ದಿನ ಕಳೆಯಿತು. ಚಿಕ್ಕಪ್ಪ ಸತ್ತ ಮೇಲೆ ಅವನನ್ನು ಕುರುಡನನ್ನಾಗಿಸಿ ಅಲ್ಲೇ ಕೂಡಿಹಾಕಿದರು. ಕುರುಡು ಗಂಡನ ಜೊತೆ ಆ ಹೆಣ್ಣು ಹೇಗೆ ಬಾಳಿದಳು? ನನ್ನಂಥವರಿಗೆ ನಿದ್ದೆ ಬಾರದಿರುವುದು ಇಲ್ಲಿ. ಚರಿತ್ರೆ ಬಾಯಿ ಮುಚ್ಚಿದಲ್ಲಿ ಕಾದಂಬರಿಕಾರ ಬಾಯಿ ತೆರೆಯುತ್ತಾನೆ.

ಆದರೆ ನನ್ನ ತಕರಾರು ಬೇರೆ. ಈ ಕಥೆ ಹೇಳುವವರೆಲ್ಲ ಅಕ್ಕಸಾಲಿಯ ಮಗಳ ಹಿಂದೆ ಬೀಳುತ್ತಾರೆ. ‘ಒಲ್ಲೆ’ ಅಂದವಳಲ್ಲವೇ, ಕಥೆಗೆ ಬಿಸಿ ಇರುತ್ತದೆ. ಸಂಧಿಯ ಪಟ್ಟಿಯಲ್ಲಿ ಆನೆಯ ಪಕ್ಕ, ಮುತ್ತಿನ ಪಕ್ಕ ನಿಂತ ದೇವರಾಯನ ಮಗಳಿಗೆ ಫೆರಿಷ್ತಾ ಹೆಸರನ್ನೂ ಕೊಟ್ಟಿಲ್ಲ. ‘ಒಲ್ಲೆ’ ಅನ್ನಲು ಅವಳ ಮುಂದೆ ಹಾರ ಹಿಡಿದು ನಿಂತವರೇ ಇಲ್ಲ. ಈ ಕಾರ್ಯಕ್ರಮ ಕೇಳುತ್ತಿರುವ ಬರಹಗಾರರು ಯಾರಾದರೂ ಇದ್ದರೆ ಅವಳನ್ನು ಕೈಗೆತ್ತಿಕೊಳ್ಳಿ. ಮೊದಲು ಒಂದು ಹೆಸರಿಡಿ. ಮತ್ತೆ, ದಯವಿಟ್ಟು, ಹತ್ತನೇ ಪುಟಕ್ಕೇ ಫಿರೋಜನ ಮೇಲೆ ಪ್ರೀತಿ ಹುಟ್ಟಿಸಬೇಡಿ. ನೂರು ಪುಟ ಸಿಟ್ಟಿನಲ್ಲೇ ಇರಲಿ, ಅದಕ್ಕೆ ಅವಳಿಗೆ ಹಕ್ಕಿದೆ.