ಕಂಪನಿಯ ಕಂಠ, ಸಿನಿಮಾದ ಹಾಡು



ಇವತ್ತು ನಾನು ಎತ್ತಿಕೊಂಡಿರುವುದು ಒಂದೇ ಒಂದು ಹಾಡು: 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’. ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವುದನ್ನು ನೋಡದ ಕನ್ನಡಿಗರು ಕಡಿಮೆ. ಇದರ ಬಗ್ಗೆ ಎಲ್ಲರೂ ಹೇಳುವ ಕತೆಯೂ ಒಂದೇ. ಹಾಡಬೇಕಿದ್ದ ಪಿ.ಬಿ. ಶ್ರೀನಿವಾಸ್ ಅವರಿಗೆ ಮೈ ಸರಿಯಿರಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು, ಹಾಡು ಗೆದ್ದಿತು. ಇರಲಿ. ಅವಕಾಶ ಆಕಸ್ಮಿಕವಾಗಿ ಬರಬಹುದು, ಕಂಠ ಹಾಗೆ ಬರುವುದಿಲ್ಲ. ಆ ಕಂಠ ಪಳಗಿದ್ದು ನಮ್ಮ ಗುಬ್ಬಿ ನಾಟಕ ಕಂಪನಿಯಲ್ಲಿ.

1884ರಲ್ಲಿ ಹುಟ್ಟಿದ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ಗಾಜನೂರಿನ ಮುತ್ತುರಾಜ, ಅಂದರೆ ಮುಂದಿನ ರಾಜ್‌ಕುಮಾರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೇ ಬಾಲಕನಾಗಿ ಅಲ್ಲಿ ಬಣ್ಣ ಹಚ್ಚಿದ. ಕಂಪನಿ ನಾಟಕದಲ್ಲಿ ಹಾಡು ಬಾರದವನಿಗೆ ದೊಡ್ಡ ಪಾತ್ರ ದಕ್ಕುವುದು ಕಷ್ಟ. ಹಾರ್ಮೋನಿಯಂ ಶ್ರುತಿ ಹಿಡಿದು, ಕೊನೇ ಸಾಲಿನವನಿಗೂ ಒಂದೊಂದು ಅಕ್ಷರ ಕೇಳುವ ಹಾಗೆ ಹಾಡಬೇಕು. ‘ಒನ್ಸ್ ಮೋರ್’ ಬಿತ್ತೋ, ಅದನ್ನೇ ಮತ್ತೆ ಹಾಡಿ ತಟ್ಟನೆ ಮಾತಿಗಿಳಿಯಬೇಕು.

ಈ ಹಾಡನ್ನು ಆ ಕಿವಿಯಿಂದ ಕೇಳಿ. ಹಾಡುವವನು ರಾಗ ತೋರಿಸಲು ನಿಂತಿಲ್ಲ, ಎಮ್ಮೆಯ ಜತೆ ಸರಸವಾಡುತ್ತಿದ್ದಾನೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಇದು ನಟನ ಗಾಯನ. ಚಿತ್ರದ ಮೂಲವೂ ವೃತ್ತಿರಂಗಭೂಮಿಯೇ, ಪಿ.ಬಿ. ಧುತ್ತರಗಿಯವರ ನಾಟಕ. ನಾಯಕಿ ಮಂಜುಳಾ ನಮ್ಮ ತುಮಕೂರಿನ ಕಡೆಯವರು, ಪ್ರಭಾತ್ ಕಲಾವಿದರ ತಂಡದಲ್ಲಿ ಪಳಗಿದವರು.

ಹಾಗಿದ್ದರೆ ರಾಜ್ ನಾಯಕರಾದ 1954ರ ‘ಬೇಡರ ಕಣ್ಣಪ್ಪ’ದಿಂದ ಇಪ್ಪತ್ತು ವರ್ಷ ಆ ಕಂಠ ಏನು ಮಾಡುತ್ತಿತ್ತು? ಪೂರ್ತಿ ಸುಮ್ಮನಿರಲಿಲ್ಲ. ‘ಓಹಿಲೇಶ್ವರ’ದಲ್ಲಿ ಹಾಡಿತ್ತು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜತೆ ಯುಗಳಗೀತೆಯನ್ನೂ ಹಾಡಿತ್ತು. ಆದರೆ ಅಷ್ಟರಲ್ಲಿ ಹಿನ್ನೆಲೆ ಗಾಯನ ಬೇರೂರಿತ್ತು, ಶ್ರೀನಿವಾಸ್ ಅವರ ದನಿ ರಾಜ್ ಮುಖಕ್ಕೆ ಎಷ್ಟು ಒಪ್ಪಿತ್ತೆಂದರೆ ಯಾರಿಗೂ ಕೊರತೆ ಕಾಣಲಿಲ್ಲ. ಒಂದೇ ಹಾಡು ಶ್ರೀನಿವಾಸ್ ಅವರನ್ನು ಬದಿಗೆ ಸರಿಸಿತು ಎನ್ನುವುದೂ ಸರಿಯಲ್ಲ. ಮರುವರ್ಷದ ‘ಮಯೂರ’ದಲ್ಲೂ ಅವರು ಹಾಡಿದ್ದಾರೆ. ಬದಲಾವಣೆ ನಿಧಾನವಾಗಿ ಆಯಿತು. 1992ರ ‘ಜೀವನಚೈತ್ರ’ದ ಗಾಯನಕ್ಕೆ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಗುಬ್ಬಿ ಕಂಪನಿ ಎಂದರೆ ‘ಕುರುಕ್ಷೇತ್ರ’ ನಾಟಕದ ಆನೆ, ಕುದುರೆಗಳನ್ನೇ ಹೊಗಳುತ್ತೇವೆ. ಹೊಗಳೋಣ. ಆದರೆ ಅವು ರಂಗ ಬಿಟ್ಟು ಹೊರಬರಲಿಲ್ಲ. ಕಂಪನಿಯ ಹಾಡುಗಾರಿಕೆ ಹೊರಬಂತು, ತೆರೆಗೆ ಹೋಯಿತು, ರೇಡಿಯೋದಲ್ಲಿ ಮನೆಮನೆ ಸೇರಿತು. ಕಂಪನಿಯ ಚರಿತ್ರೆ ಬರೆಯುವವರು ನಾಟಕಗಳ ಪಟ್ಟಿಯ ಪಕ್ಕದಲ್ಲಿ ಈ ಎಮ್ಮೆ ಹಾಡಿಗೂ ಜಾಗ ಕೊಡಬೇಕು ಎಂಬುದು ನನ್ನ ವಾದ. ಒಪ್ಪದವರು ಪ್ರಶ್ನೆ ಕೇಳಿ, ವಾದಿಸೋಣ.