ಟ್ಯಾಬ್ ಸಾಕೇ, ಲ್ಯಾಪ್‌ಟಾಪೇ ಬೇಕೇ?



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಈ ಮಾತು ಏಳುತ್ತದೆ: ಮಗಳಿಗೆ ಟ್ಯಾಬ್ ಕೊಡಿಸೋಣವೋ, ಲ್ಯಾಪ್‌ಟಾಪೋ? ಟ್ಯಾಬ್ ಹದಿನೈದು-ಇಪ್ಪತ್ತು ಸಾವಿರಕ್ಕೆ ಬರುತ್ತದೆ. ಹೊಸ ಲ್ಯಾಪ್‌ಟಾಪ್ ಎಂದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ರೇಷ್ಮೆಯ ಒಂದು ಬೆಳೆ ಕೈಕೊಟ್ಟ ಮನೆಗೆ, ಟೊಮೆಟೊ ಬೆಲೆ ಬಿದ್ದ ವರ್ಷದಲ್ಲಿ, ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮ ರಾಜ್ಯ ಸರ್ಕಾರವೂ ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದೆ. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ಬಂತು. ಮರುವರ್ಷದ ಜೂನ್‌ನಲ್ಲಿ, ಕೋವಿಡ್‌ನಿಂದಾಗಿ ಪಾಠವೆಲ್ಲ ಆನ್‌ಲೈನ್ ಆಗಿದ್ದಾಗ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಶುರುವಾಯಿತು. ಪಾಠ ಕೇಳುವುದೇ ದೊಡ್ಡ ಕಷ್ಟವಾಗಿದ್ದ ಆ ಹೊತ್ತಿಗೆ ಟ್ಯಾಬ್ ಸರಿಯಾದ ಆಯ್ಕೆಯೇ. ಆದರೆ ಕೇಳಿದ್ದನ್ನು ಬರೆದು ತೋರಿಸುವ ಹೊತ್ತು ಬಂದಾಗ?

ನನಗೆ ತೋರುವುದು ಇಷ್ಟು. ನಮ್ಮ ಕೆಲಸ ಯಾವುದರಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಬೆರಳೊತ್ತಿನಲ್ಲಿ ಮುಗಿಯುವ ಕೆಲಸವಾದರೆ ಟ್ಯಾಬ್ ಸಾಕು, ಎಷ್ಟೋ ಸಲ ಫೋನೇ ಸಾಕು. ಇನ್ನೊಬ್ಬರು ತೆರೆದು, ತಿದ್ದಿ, ಅಚ್ಚು ಹಾಕಿ, ಸೀಲು ಒತ್ತುವ ಬರಹದಲ್ಲಿ ಮುಗಿಯುವುದಾದರೆ ಲ್ಯಾಪ್‌ಟಾಪ್ ಬೇಕು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ. ಹರಾಜು ಎಲೆಕ್ಟ್ರಾನಿಕ್ ಆದಮೇಲೆ ನೂಲು ತೆಗೆಯುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಲಾಟಿನ ನಂಬರು ಗುರುತಿಟ್ಟುಕೊಳ್ಳುತ್ತಾರೆ, ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಅಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ನೂಲು ತೆಗೆಯುವ ಘಟಕದೊಳಗೆ ಬಿಸಿನೀರಿನ ಆವಿ, ತೇವ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಸಣ್ಣ ಫ್ಯಾನ್ ಇರುತ್ತದೆ. ಅದು ಹೊರಗಿನ ಗಾಳಿಯನ್ನು, ಜೊತೆಗೆ ದೂಳು ತೇವಗಳನ್ನೂ ಒಳಗೆಳೆದುಕೊಳ್ಳುತ್ತದೆ. ಟ್ಯಾಬ್‌ಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಸಿಮ್ ಹಾಕುವ ಟ್ಯಾಬ್ ಆದರೆ ಇಂಟರ್ನೆಟ್ಟಿಗೆ ಬೇರೆಯವರ ಹಂಗೂ ಇಲ್ಲ. ಕರೆಂಟ್ ಹೋದರೂ ದಿನದ ಕೆಲಸ ನಡೆಯುತ್ತದೆ. ಗೌರಿಬಿದನೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರಿಗೂ ಓದಲು, ಪಾಠ ಕೇಳಲು, ಮೇಲ್ ನೋಡಲು ಅದೇ ಹಿತ.

ಕೈಯಲ್ಲಿ ಹಿಡಿಯುವ ಕಂಪ್ಯೂಟರಿನ ಕನಸು ನಮಗೆ ಹೊರಗಿನಿಂದ ಬಂದದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಯಂತ್ರವನ್ನು ಜಗತ್ತಿನ ಮುಂದಿಟ್ಟರು. ಕೀಲಿಮಣೆ ಇಲ್ಲ, ಪರದೆಯನ್ನೇ ಕಡ್ಡಿಯಿಂದ ಮುಟ್ಟುವುದು. ಓದುಬರಹ ಬಾರದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬುದು ಅದರ ಗುರಿ. ಐಪ್ಯಾಡ್ ಬಂದದ್ದು ಇದಾದ ಒಂಬತ್ತು ವರ್ಷಗಳ ಮೇಲೆ, 2010ರಲ್ಲಿ. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿದ್ದೂ ಉಂಟು. ಮಾರಾಟ ಮಾತ್ರ ಎಣಿಸಿದಷ್ಟು ಆಗಲಿಲ್ಲ. ಆದರೂ ಮಾಹಿತಿ ಪಡೆಯಲು, ಸಣ್ಣ ವ್ಯವಹಾರ ಮುಗಿಸಲು ಮುಟ್ಟುವ ಪರದೆ ಸಾಕು ಎಂಬ ಆ ಪ್ರಾಧ್ಯಾಪಕರ ಎಣಿಕೆ ನಿಜವಾಗಿದೆ. ಪಹಣಿ ತೆಗೆಯುವವರ, ಹಾಲಿನ ಹಣ ಖಾತೆಗೆ ಬಂತೇ ಎಂದು ನೋಡುವವರ ಕೈಯಲ್ಲಿ ಇವತ್ತು ಇರುವುದು ಅಂಥದೇ ಪರದೆ.

ಇನ್ನು ಬರಹದ ಕಡೆಗೆ ಬರೋಣ. ಇಲ್ಲಿ ಕನ್ನಡಿಗರಿಗೇ ಆದ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಬರುವ ಟ್ಯಾಬ್ ವಿಮರ್ಶೆಗಳು ಇದರ ಸುದ್ದಿಯನ್ನೇ ಎತ್ತುವುದಿಲ್ಲ.

ಚಿಂತಾಮಣಿಯಲ್ಲೋ ಚಿಕ್ಕಬಳ್ಳಾಪುರದಲ್ಲೋ ತಾಲ್ಲೂಕು ಕಚೇರಿ, ಕೋರ್ಟಿನ ಸುತ್ತಮುತ್ತ ಇರುವ ಡಿಟಿಪಿ ಅಂಗಡಿಗೆ ಹೋಗಿ. ಕ್ರಯಪತ್ರ, ತಕರಾರು ಅರ್ಜಿ, ಸಂಘದ ಠರಾವು, ಮದುವೆಯ ಆಹ್ವಾನಪತ್ರಿಕೆಗಳಲ್ಲಿ ಬಹಳಷ್ಟು ಇವತ್ತಿಗೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ತಯಾರಾಗುತ್ತವೆ. ಆ ಫಾಂಟುಗಳು ಕನ್ನಡದ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳಿಗೆಂದು ಇಟ್ಟ ಸ್ಥಾನಗಳಲ್ಲಿ ಕೂರಿಸುತ್ತವೆ. ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ಸಂಕೇತ. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅದೇ ಕಡತವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ಟ್ಯಾಬ್‌ನಲ್ಲಿ ತೆರೆದರೆ, ತಲೆಯ ಮೇಲೆ ಗೀಟು-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ಓದಬಹುದು, ತಿದ್ದಲಾಗುವುದಿಲ್ಲ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ದರೂ ಮತ್ತೆ ಆ ಅಂಗಡಿಗೇ ನಡೆಯಬೇಕು.

ಯೂನಿಕೋಡ್ ಇದಕ್ಕೆ ಪರಿಹಾರ. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ, ಹಾಗಾಗಿ ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಟ್ಯಾಬ್‌ನಲ್ಲಿ ನಾವು ಬರೆಯುವುದೆಲ್ಲ ಯೂನಿಕೋಡೇ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳೂ ಇವೆ, ಒತ್ತಕ್ಷರ ಅರ್ಕಾವತ್ತುಗಳ ಮೇಲೆ ಮಾತ್ರ ಒಂದು ಕಣ್ಣಿಟ್ಟಿರಬೇಕು. ಕಚೇರಿಗಳೂ ಡಿಟಿಪಿ ಅಂಗಡಿಗಳೂ ಪೂರ್ತಿಯಾಗಿ ಯೂನಿಕೋಡಿಗೆ ಬಂದ ದಿನ ಟ್ಯಾಬ್‌ನ ಉಪಯೋಗ ನಮ್ಮ ಪಾಲಿಗೆ ದುಪ್ಪಟ್ಟಾಗುತ್ತದೆ ಎಂದು ನಾನು ನಂಬಿದ್ದೇನೆ. ಅದಕ್ಕಾಗಿ ನಾವೆಲ್ಲ ಒತ್ತಾಯಿಸಬೇಕು.

ಟ್ಯಾಬ್‌ಗೆ ಕೀಬೋರ್ಡ್ ಜೋಡಿಸಿದರಾಯಿತಲ್ಲ ಎನ್ನುತ್ತಾರೆ. ಇಂಗ್ಲಿಷಿಗೆ ಹೌದು. ಆದರೆ ಕನ್ನಡಕ್ಕೆಂದು ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸಕ್ಕೆ ಬೆರಳು ಒಗ್ಗಿದವರಿಗೆ ಜೋಡಿಸಿದ ಕೀಬೋರ್ಡಿನಲ್ಲಿ ಅದೇ ಸಿಗುತ್ತದೆಂಬ ಖಾತರಿಯಿಲ್ಲ. ಅದಕ್ಕೆಂದೇ ಆ್ಯಪ್ ಹುಡುಕಬೇಕಾದೀತು. ಧ್ವನಿಯಿಂದ ಬರೆಸುವ ಸೌಲಭ್ಯ ಚೆನ್ನಾಗಿದೆ. ಒಂದು ಪತ್ರದ ಕರಡಿಗೆ ಸಾಕು, ಇಪ್ಪತ್ತು ಪುಟದ ವರದಿಗೆ ಸಾಲದು.

ನನ್ನ ಕಳಕಳಿ ವಿದ್ಯಾರ್ಥಿಗಳ ಬಗ್ಗೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜೇ ಇದೆ. ಹಿಪ್ಪುನೇರಳೆ ತೋಟದಲ್ಲಿ ನಿಂತು ಎಲೆಯ ಚಿತ್ರ ತೆಗೆಯಲು, ಅಳತೆ ಗುರುತಿಸಿಕೊಳ್ಳಲು ಟ್ಯಾಬ್‌ಗಿಂತ ಒಳ್ಳೆಯದಿಲ್ಲ. ಆ ಅಳತೆಗಳನ್ನೆಲ್ಲ ಸಾಲುಸಾಲಾಗಿ ಸೇರಿಸಿ, ಲೆಕ್ಕ ಹಾಕಿ, ನಕ್ಷೆ ಬರೆದು, ವರದಿ ಕಟ್ಟುವುದು ಬೇರೆಯೇ ಕೆಲಸ. ಒಂದು ಕಡೆ ಅಂಕಿ, ಇನ್ನೊಂದು ಕಡೆ ಬರಹ, ಎರಡೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಹತ್ತು ಅಂಗುಲದ ಪರದೆಯಲ್ಲಿ ಅದು ಕಷ್ಟ. ಎಂಜಿನಿಯರಿಂಗ್ ಓದುವವರಿಗೆ ಬೇಕಾದ ನಕ್ಷೆ ಬಿಡಿಸುವ ತಂತ್ರಾಂಶಗಳೂ, ವಾಣಿಜ್ಯದವರಿಗೆ ಕೆಲಸ ಕೊಡಿಸುವ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯೂ ಹೆಚ್ಚಾಗಿ ವಿಂಡೋಸ್‌ಗೆಂದು ಮಾಡಿದವು. ಟ್ಯಾಬ್ ಮಾತ್ರ ಇರುವ ಮಗು ಬೇರೆಯವರು ಬರೆದದ್ದನ್ನು ಚೆನ್ನಾಗಿ ಓದುತ್ತದೆ. ತನ್ನದನ್ನು ಬರೆಯುವಾಗ ಡಿಟಿಪಿ ಅಂಗಡಿಯಲ್ಲಿ ಕಾಸು ಕೊಟ್ಟು ಬೇರೆಯವರ ಕೈಯಿಂದ ಟೈಪ್ ಮಾಡಿಸುತ್ತದೆ. ಹಳ್ಳಿಯ ಮಕ್ಕಳು ಹಾಗೆ ಹಿಂದೆ ಉಳಿಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ದುಡ್ಡಿಲ್ಲದ ಮನೆಯವರು ಏನು ಮಾಡಬೇಕು? ಬೆಂಗಳೂರಿನ ಎಸ್‌ಪಿ ರಸ್ತೆ ನಮಗೆ ದೂರವಲ್ಲ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿ ಹೊಸ ಟ್ಯಾಬ್‌ನ ಬೆಲೆಗೇ ಸಿಗುತ್ತವೆ. ಮನೆಯಲ್ಲಿ ಫೋನ್ ಇದ್ದೇ ಇರುವಾಗ, ಪದವಿ ಓದುವವರಿಗೆ ಹೊಸ ಟ್ಯಾಬ್‌ಗಿಂತ ಹಳೆಯ ಲ್ಯಾಪ್‌ಟಾಪೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಎಚ್ಚರಿಕೆ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಿಯಮದ ಪ್ರಕಾರ ನಡೆಯಬೇಕಾದರೆ ಇಂಟೆಲ್ ಪ್ರೊಸೆಸರ್ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಂಗಡಿಯವರಿಗೆ ಮೊದಲು ಇದನ್ನೇ ಕೇಳಿ. ಆಮೇಲೆ ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ, ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಟ್ಯಾಬೇ ಬೇಕೆಂದು ಹೊರಟವರು ನಿಮ್ಮ ಊರಿನ ಡಿಟಿಪಿ ಅಂಗಡಿಯ ಒಂದು ಕನ್ನಡ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ದುಡ್ಡು ಕೊಡುವ ಮುನ್ನ ಟ್ಯಾಬ್ ಅಂಗಡಿಯಲ್ಲೇ ತೆರೆಸಿ ನೋಡಿ.